ಎಂಪಕಾಯ್ ಅಂಚಿನಿಂದ ನಾಟ್ರಾನ್ ಕೆರೆಗೆ: ಎಂಟು ಕತ್ತೆ, ಒಂಬತ್ತು ಜನ, ಮೂರನೇ ಸಲ

ಈ ದಾರಿಯಲ್ಲಿ ಸಸ್ಯಾಹಾರಿ ಗುಂಪನ್ನು ಕತ್ತೆಗಳ ಮೇಲೆ ಹೊರೆ ಹೇರಿಕೊಂಡು ಇಳಿಸಲು ಆಗುವುದಿಲ್ಲ ಎಂದು ತಾಂಜಾನಿಯಾದ ಅರುಷಾದಲ್ಲಿ ಕನಿಷ್ಠ ನಾಲ್ಕು ಜನ ಹೇಳಿದ್ದರು. ಐವತ್ತು ದಾಟಿದವರಿಗೆ ಮಂಡಿ ಹೋಗುತ್ತದೆ, ಅನ್ನ ಬೇಯುವುದಿಲ್ಲ, ಕತ್ತೆಯವರು ಸಮಯಕ್ಕೆ ಬರುವುದಿಲ್ಲ. ಮೊದಲೆರಡು ಸಲ ಮೂರೂ ಮಾತು ನಿಜವಾದವು. ಮೂರನೇ ಸಲ 42ರಿಂದ 63ರವರೆಗಿನ ಒಂಬತ್ತು ಜನ ಬೆಳಿಗ್ಗೆ ಹನ್ನೊಂದೂವರೆಯೊಳಗೆ ಎಂಗಾರೆ ಸೇರೊ ಹಳ್ಳಿಯ ನೆರಳಿನಲ್ಲಿ ಕೂತಿದ್ದರು, ಎಲ್ಲರೂ ಸ್ವಂತ ಕಾಲ ಮೇಲೆ ಬಂದವರೇ. ಏನು ಬದಲಾಯಿಸಿದೆವು ಎನ್ನುವುದಷ್ಟನ್ನೇ ಬರೆಯುತ್ತೇನೆ. ವೀಸಾ, ಹಳದಿ ಜ್ವರದ ಚುಚ್ಚುಮದ್ದು, ಬೂಟು ಹಳೆಯದು ಮಾಡಿಕೊಳ್ಳುವುದು ಇವೆಲ್ಲ ಗುಂಪು ಕರೆದೊಯ್ಯುವವರಿಗೆ ಗೊತ್ತಿರುವ ವಿಷಯ.

ದಾರಿ ಹಳೆಯದೇ. ಗೊರೊಂಗೊರೊ ಸಂರಕ್ಷಿತ ಪ್ರದೇಶದ ಮೇಲ್ನಾಡು, ನೈನೊಕನೋಕ, ಒಲ್ಮೋಟಿ, ಬುಲಾಟಿ, ಎಂಪಕಾಯ್, ನೈಯೋಬಿ, ಅಕೇಶಿಯಾ ಬಿಡಾರ, ಕೊನೆಗೆ ನಾಟ್ರಾನ್. ಎಂಪಕಾಯ್ ಜ್ವಾಲಾಮುಖಿ ಕುಳಿಯ ಅಂಚು ಹೆಚ್ಚುಕಡಿಮೆ 3,200 ಮೀಟರ್, ನಾಟ್ರಾನ್ ದಡ 600. ಅಂದರೆ ಎರಡು ದಿನದಲ್ಲಿ ಎರಡೂವರೆ ಸಾವಿರ ಮೀಟರ್ ಇಳಿಜಾರು. ಕುಮಾರ ಪರ್ವತದಿಂದ ಕುಕ್ಕೆಗೆ ಇಳಿದವರಿಗೆ ಆ ನೋವು ಗೊತ್ತು. ಇದು ಅದಕ್ಕಿಂತ ಒಂದು ಕೈ ಮೇಲು, ಕೊನೆಯಲ್ಲಿ ಮರದ ನೆರಳೂ ಇಲ್ಲ.

ಮೊದಲ ತಪ್ಪು ಎಲ್ಲವನ್ನೂ ನಡೆಯಲು ಹೋದದ್ದು. ನೈನೊಕನೋಕದಿಂದ ಬುಲಾಟಿ ಬಟ್ಟಲು ದಾಟುವುದೇ ಒಂದು ಇಡೀ ದಿನದ ನಡಿಗೆ. ಹುಲ್ಲು, ದನದ ಮಂದೆ, ಧೂಳು, ಬಯಲು. ನೋಡಲು ಚೆಂದ, ಆದರೆ ಇಳಿಜಾರಿಗೆ ಬೇಕಾದ ಕಾಲನ್ನು ಅಲ್ಲೇ ಖರ್ಚು ಮಾಡಿಬಿಡುತ್ತೇವೆ. ಈಗ ಆ ಭಾಗ ಜೀಪಿನಲ್ಲಿ. ಮೊದಲ ದಿನ ಒಲ್ಮೋಟಿ ಅಂಚಿಗೆ ಹತ್ತಿ ಮುಂಗೆ ಜಲಪಾತ ನೋಡಿ ಇಳಿಯುವುದು, ಎರಡನೇ ದಿನ ಎಂಪಕಾಯ್ ಕುಳಿಯೊಳಗೆ ಇಳಿದು ಹತ್ತುವುದು. ಇವೆರಡೇ ಕಾಲಿಗೆ ಅಭ್ಯಾಸ. "ಪೂರ್ತಿ ನಡೆಯಲಿಲ್ಲವಲ್ಲ" ಎಂದು ಮೂಗು ಮುರಿಯುವವರು ಒಮ್ಮೆ ನಾಲ್ಕನೇ ದಿನದ ಮಧ್ಯಾಹ್ನ ಆ ಕೊನೆಯ ಇಳಿಜಾರಿನಲ್ಲಿ ನಿಂತು ನೋಡಲಿ.

ಎಂಪಕಾಯ್ ಕುಳಿಯ ಒಳಗೋಡೆ ದಟ್ಟ ಕಾಡು, ಅಲ್ಲಿ ಕಾಡೆಮ್ಮೆ ಇದೆ. ಬಂದೂಕಿನ ರೇಂಜರ್ ಮುಂದೆ, ಆತನ ಹಿಂದೆ ಒಂದೇ ಸಾಲು, ಕೊನೆಯಲ್ಲಿ ಅಲ್ಲಿನ ದನಗಾಹಿ ಮಸಾಯಿ ಜನಾಂಗದ ನಮ್ಮ ಹುಡುಗ. ಸಾಲಿನ ಉದ್ದ ಹದಿನೈದು ಮೀಟರ್ ದಾಟಬಾರದು. ದಾಟಿದರೆ ಮಧ್ಯೆ ಬಿಟ್ಟ ಜಾಗದಲ್ಲಿ ಎಮ್ಮೆ ಎದ್ದರೆ ರೇಂಜರ್ ಗುಂಡು ಹಾರಿಸುವ ಹಾಗೂ ಇಲ್ಲ. ಹಿಂಡಿಗಿಂತ ಪೊದೆಯಲ್ಲಿ ಒಂಟಿಯಾಗಿ ಮಲಗಿರುವ ಮುದಿ ಕೋಣವೇ ಅಪಾಯ. ಅದು ಮೇಯುತ್ತಿರುವುದಿಲ್ಲ, ಸದ್ದು ಮಾಡುವುದಿಲ್ಲ. ಅದರ ಬೆನ್ನ ಮೇಲೆ ಉಣ್ಣೆಹುಳ ಹೆಕ್ಕುವ ಆಕ್ಸ್‌ಪೆಕರ್ ಹಕ್ಕಿ ಮಾತ್ರ ನಾವು ಹತ್ತಿರವಾದಾಗ ಬುಸ್ ಎಂದು ಕೂಗಿ ಹಾರುತ್ತದೆ. ಆ ಕೂಗು ಕೇಳಿದ ಕೂಡಲೇ ನಿಲ್ಲಬೇಕು, ಹೆಜ್ಜೆ ಮುಂದಿಡಬಾರದು. ಗಾಳಿ ನೋಡಲು ಹಳೆಯ ಕಾಲುಚೀಲದಲ್ಲಿ ಸೋಸಿದ ಬೂದಿ ತುಂಬಿ ಇಟ್ಟುಕೊಳ್ಳುತ್ತೇವೆ, ಒಮ್ಮೆ ತಟ್ಟಿದರೆ ಗಾಳಿ ಯಾವ ಕಡೆ ಎಂದು ಕಾಣುತ್ತದೆ. ಹುಲ್ಲು ಹಾರಿಸಿ ನೋಡಿದರೆ ಕುಳಿಯ ಸುತ್ತುಗಾಳಿ ತಿಳಿಯುವುದಿಲ್ಲ. ಊರುಗೋಲಿನ ಲೋಹದ ತುದಿಗೆ ರಬ್ಬರ್ ಟೋಪಿ ಕಡ್ಡಾಯ. ಕಲ್ಲಿಗೆ ತಾಗುವ ಟಕ್ ಟಕ್ ಸದ್ದಿನಲ್ಲಿ ಆ ಹಕ್ಕಿಯ ಕೂಗು ಮುಚ್ಚಿಹೋಗುತ್ತದೆ.

ಈಗ ಕತ್ತೆ. ಇಡೀ ಯಶಸ್ಸು ಇದರಲ್ಲೇ ಇದೆ.

ಒಂದು ಕತ್ತೆಗೆ 40 ಕಿಲೋ ಮೇಲೆ ಹೊರಿಸಬೇಡಿ, ಬಾಡಿಗೆಗೆ ಕೊಡುವವರು ಅರವತ್ತು ಆಗುತ್ತದೆ ಎಂದರೂ. ನಮ್ಮ ಒಟ್ಟು ಹೊರೆ ಮುನ್ನೂರು ಕಿಲೋ ಆಸುಪಾಸು, ಎಂಟು ಕತ್ತೆ. ಎರಡೂ ಪಕ್ಕದ ತೂಕ ಸಮ ಇರಬೇಕು. ಕೈಯಲ್ಲಿ ಎತ್ತಿ ಅಂದಾಜು ಮಾಡಿದರೆ ಸಾಲದು, ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿ. ಎರಡು ಕಿಲೋ ವ್ಯತ್ಯಾಸ ಬೆಳಿಗ್ಗೆ ಕಾಣುವುದಿಲ್ಲ, ಹತ್ತು ಗಂಟೆಗೆ ಹೊರೆ ಹೊಟ್ಟೆಯ ಕೆಳಗೆ ಬಂದಿರುತ್ತದೆ. ನೀರಿನ ಕ್ಯಾನು ಪೂರ್ತಿ ತುಂಬಿರಬೇಕು ಇಲ್ಲವೇ ಪೂರ್ತಿ ಖಾಲಿ ಇರಬೇಕು. ಅರ್ಧ ತುಂಬಿದ 20 ಲೀಟರ್ ಕ್ಯಾನು ಒಳಗೇ ತುಳುಕಿ ಕತ್ತೆಯನ್ನು ತೂಗಾಡಿಸುತ್ತದೆ, ಇಳಿಜಾರಿನಲ್ಲಿ ಅದು ಹಟ ಹಿಡಿದು ನಿಲ್ಲುವುದು ಇದಕ್ಕೇ. ಗಟ್ಟಿ ಸೂಟ್‌ಕೇಸ್ ಬೇಡವೇ ಬೇಡ, ಅಂಚು ಉಜ್ಜಿ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಮೆತ್ತನೆಯ ಡಫಲ್ ಚೀಲ, ಅದರ ಕೆಳಗೆ ಮಡಚಿದ ಗೋಣಿ ಎರಡು ಪದರ.

ಎರಡನೇ ಸಲದ ಸೋಲು ಇಲ್ಲಿ ಆಯಿತು. ನೈಯೋಬಿಯ ಕತ್ತೆಗಳು ನೀರು, ಮೆಕ್ಕೆಜೋಳದ ಹಿಟ್ಟು ಹೊತ್ತು ಸಂತೆಗೂ ಬೊಮಾಕ್ಕೂ (ಮಸಾಯಿಗಳ ಬೇಲಿ ಹಾಕಿದ ಮನೆಗುಂಪು) ಓಡಾಡುವಂಥವು. ಅಷ್ಟು ಕಡಿದಾದ ಇಳಿಜಾರಿನಲ್ಲಿ ಅಷ್ಟು ಹೊತ್ತು ಹೊರೆ ಇರುವುದು ಅಪರೂಪ. ಹೊಟ್ಟೆಪಟ್ಟಿ ಎಷ್ಟು ಬಿಗಿದರೂ ಹೊರೆ ಮುಂದಕ್ಕೆ ಜಾರಿ ಕುತ್ತಿಗೆಗೆ ಬರುತ್ತದೆ. ಕತ್ತೆ ಮಂಡಿಯೂರುತ್ತದೆ, ಬಿಚ್ಚಿ ಮತ್ತೆ ಕಟ್ಟಲು ಇಪ್ಪತ್ತು ನಿಮಿಷ. ಎಂಟು ಕತ್ತೆಗೆ ಲೆಕ್ಕ ಹಾಕಿಕೊಳ್ಳಿ. ಪರಿಹಾರ ಕುದುರೆ ಇಟ್ಟವರಿಗೆಲ್ಲ ಗೊತ್ತಿರುವುದೇ, ಬಾಲದ ಬುಡದಲ್ಲಿ ಹಾಯಿಸಿ ಹೊರೆಗೆ ಹಿಂದಿನಿಂದ ಕಟ್ಟುವ ಪಟ್ಟಿ. ಹಗ್ಗದಲ್ಲಿ ಮಾಡಿದರೆ ಒಂದೇ ಗಂಟೆಯಲ್ಲಿ ಚರ್ಮ ಕಿತ್ತುಬರುತ್ತದೆ, ಅದನ್ನೂ ಮಾಡಿ ನೋಡಿ ಪಶ್ಚಾತ್ತಾಪ ಪಟ್ಟಿದ್ದೇವೆ. ಮೂರನೇ ಸಲ ಯಾವುದರಲ್ಲಿ ಮಾಡಿದೆವು ಎನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅರುಷಾದಲ್ಲಿ ಪುಕ್ಕಟೆಗೆ ಸಿಗುವ ವಸ್ತು ಎಂದಷ್ಟೇ ಹೇಳಬಲ್ಲೆ.

ಇನ್ನೊಂದು ಸೋಲು ನಗು ಬರಿಸುವಂಥದ್ದು, ಆದರೆ ಅಂದು ಯಾರೂ ನಗಲಿಲ್ಲ. ಸ್ವಾಹಿಲಿ ಗಡಿಯಾರ ಸೂರ್ಯೋದಯದಿಂದ ಶುರು. ನಮ್ಮ ಬೆಳಗಿನ ಏಳು ಅವರಿಗೆ "ಸಾ ಮೋಜ", ಅಂದರೆ ಒಂದು. ಕತ್ತೆಯವರಿಗೆ ಐದು ಗಂಟೆಗೆ ಹೊರೆ ಕಟ್ಟಲು ಬನ್ನಿ ಎಂದು "ಸಾ ತಾನೊ" ಎಂದೆವು. ಪಾಪ, ಸರಿಯಾದ ಸಮಯಕ್ಕೇ ಬಂದರು, ಹನ್ನೊಂದಕ್ಕೆ. ಅಕೇಶಿಯಾದಿಂದ ಹನ್ನೊಂದೂವರೆಗೆ ಹೊರಟು ಇಡೀ ಇಳಿಜಾರು ನೆತ್ತಿಯ ಬಿಸಿಲಿನಲ್ಲಿ. ಕೆಳಗೆ ತಲುಪುವ ಹೊತ್ತಿಗೆ ನಲವತ್ತು ಡಿಗ್ರಿ, ಇಬ್ಬರಿಗೆ ವಾಂತಿ, ಒಬ್ಬರನ್ನು ಕತ್ತೆಯ ಮೇಲೆ ಕೂರಿಸಿ ತಂದೆವು. ಬೆಳಗಿನ ಐದಕ್ಕೆ ಹೇಳಬೇಕಾದದ್ದು "ಸಾ ಕುಮಿ ನ ಮೋಜ, ಅಲ್ಫಜಿರಿ". ಈಗ ಬಾಯಿಮಾತು ಬಿಟ್ಟು, ಸೂರ್ಯ ಹುಟ್ಟುವ ಗುಡ್ಡದ ಕಡೆ ಕೈ ತೋರಿಸಿ "ಇದು ಕೆಂಪಾಗುವ ಮೊದಲು" ಎಂದೂ ಹೇಳಿಸುತ್ತೇವೆ. ಬೆಳಕು ಹರಿದ ತಕ್ಷಣ, ಆರೂಕಾಲಿಗೆ ಹೊರಟರೆ ಹನ್ನೊಂದೂವರೆಗೆ ಕೆಳಗೆ.

ಇಳಿಯುವಾಗ ಐವತ್ತು ನಿಮಿಷಕ್ಕೊಮ್ಮೆ ಕೂರಿಸಿ ಬೂಟು ಬಿಚ್ಚಿಸಿ. ಪಕ್ಕದ ಲೆಂಗೈ ಜ್ವಾಲಾಮುಖಿಯ ಬೂದಿ ಸಿಮೆಂಟಿನಷ್ಟು ನುಣುಪು, ಕಾಲುಚೀಲದೊಳಗೆ ಹೋಗಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಅದೇ ಬೂದಿ ಡೇರೆಯ ಜಿಪ್ ಹಿಡಿಯುತ್ತದೆ, ಮೇಣದಬತ್ತಿ ಉಜ್ಜಿದರೆ ಬಿಡುತ್ತದೆ. ಗಾಳಿ ತುಂಬುವ ಹಾಸಿಗೆ ಎರಡನೇ ರಾತ್ರಿಗೇ ಮುಳ್ಳಿಗೆ ಬಲಿ. ಫೋಮ್ ಹಾಸು ಒಯ್ಯಿರಿ. ಅಕೇಶಿಯಾ ಮುಳ್ಳು ಬೂಟಿನ ಮೃದು ಅಟ್ಟೆಯನ್ನೂ ತೂರಿ ಬರುತ್ತದೆ. ಮಸಾಯಿಗಳು ಟಯರಿನ ಚಪ್ಪಲಿ ಹಾಕುವುದು ಸುಮ್ಮನೆ ಅಲ್ಲ.

ಅಡುಗೆ. 3,200 ಮೀಟರಿನಲ್ಲಿ ನೀರು 89 ಡಿಗ್ರಿಗೇ ಕುದಿಯುತ್ತದೆ. ಮೊದಲ ಸಲ ತೆರೆದ ಪಾತ್ರೆಯಲ್ಲಿ ಅನ್ನ ಇಟ್ಟು ಒಂದು ಗಂಟೆ ಕಾದೆವು, ಹೊರಗೆ ಮುದ್ದೆ, ಒಳಗೆ ಕಾಳು. ತೊಗರಿಬೇಳೆಯ ಕಥೆ ಕೇಳಲೇಬೇಡಿ. 6 ಕಿಲೋ ಗ್ಯಾಸ್ ಸಿಲಿಂಡರ್ ಎರಡೇ ದಿನಕ್ಕೆ ಮುಗಿಯಿತು. ಈಗ 5 ಲೀಟರ್ ಕುಕ್ಕರ್ ಎರಡು, ಗ್ಯಾಸ್ಕೆಟ್ ಒಂದೊಂದು ಹೆಚ್ಚಿಗೆ. ಅಷ್ಟೇ ಗ್ಯಾಸಿನಲ್ಲಿ ಅಡುಗೆಯವರೂ ಸೇರಿ ಹದಿನಾಲ್ಕು ಜನಕ್ಕೆ ನಾಲ್ಕು ದಿನ. ಒಂದು ಎಚ್ಚರಿಕೆ: ಕುಕ್ಕರನ್ನು ಕತ್ತೆಗಳಿಂದ ದೂರ ಇಡಿ. ಮೊದಲ ಸೀಟಿಗೆ ಮೂರು ಕತ್ತೆ ಗೂಟ ಕಿತ್ತುಕೊಂಡು ನೈಯೋಬಿ ಕಡೆಗೆ ಹೋದವು, ಹುಡುಕಿ ತರಲು ಸಂಜೆಯಾಯಿತು.

ರಾಗಿಯ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ರಾಗಿಯ ಮೂಲ ನೆಲವೇ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ, ಅಲ್ಲಿಂದಲೇ ನಮ್ಮ ಕಡೆ ಬಂದದ್ದು. ಅರುಷಾ ಮಾರುಕಟ್ಟೆಯಲ್ಲಿ "ಉಲೆಜಿ" ಎಂದು ಕೇಳಿದರೆ ಕೊಡುತ್ತಾರೆ, ಅವರು ಉಜಿ ಗಂಜಿ ಮಾಡುವುದು ಅದರಲ್ಲೇ. ಮೊದಲ ಸಲ ಅವಸರದಲ್ಲಿ "ಲಿಶೆ" ಹಿಟ್ಟು ತಂದೆವು. ಅದು ಸೋಯಾ, ಮೆಕ್ಕೆಜೋಳ, ಶೇಂಗಾ ಎಲ್ಲ ಬೆರೆಸಿದ್ದು, ಮುದ್ದೆ ಕಟ್ಟಲು ಹೋದರೆ ಬಿರುಕು ಬಿಟ್ಟು ಉದುರಿತು. ಕಾಳೇ ಕೊಂಡು ಕಣ್ಣೆದುರಿಗೆ ಬೀಸಿಸಿಕೊಳ್ಳಬೇಕು. ಅದಾದ ಮೇಲೆ ಎಂಪಕಾಯ್ ಅಂಚಿನಲ್ಲೂ ಮುದ್ದೆ ಸರಿಯಾಗಿ ಬಂತು, ನೀರು ಒಂದು ಪಾವು ಹೆಚ್ಚು, ತಿರುವುವುದು ಐದು ನಿಮಿಷ ಹೆಚ್ಚು. ಕತ್ತೆಯವರು ಇದು ಕಪ್ಪು ಉಗಾಲಿ (ಉಗಾಲಿ ಅವರ ಮೆಕ್ಕೆಜೋಳದ ಮುದ್ದೆ) ಎಂದು ಹೆಸರಿಟ್ಟು ಎರಡೆರಡು ಹಾಕಿಸಿಕೊಂಡರು. ಬಸ್ಸಾರು ಮಾತ್ರ ಅವರಿಗೆ ಹಿಡಿಸಲಿಲ್ಲ.

ನೀರು ದಿನಕ್ಕೆ ತಲೆಗೆ ನಾಲ್ಕು ಲೀಟರ್ ಕುಡಿಯಲು, ಅಡುಗೆಗೆ ಬೇರೆ. ಅಕೇಶಿಯಾದಲ್ಲಿ ನೀರಿಲ್ಲ ಎಂದುಕೊಂಡೇ ಹೊರಡಿ. ಆ ಸೀಮೆಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಕುದಿಸಿದರೆ ಅದು ಹೋಗುವುದಿಲ್ಲ. ಕುಡಿಯುವ ನೀರು ಅರುಷಾದಿಂದಲೇ. ತೊಳೆಯಲು ತೊರೆಯ ನೀರನ್ನು ಫಿಲ್ಟರಿಗೆ ನೇರ ಸುರಿದರೆ ಬೂದಿ ಕಟ್ಟಿ ಮರುದಿನ ಹನಿಯೂ ಇಳಿಯುವುದಿಲ್ಲ. ಮೊದಲು ಪಟಿಕದ ಕಲ್ಲು ಆಡಿಸಿ ರಾತ್ರಿ ತಿಳಿಯಾಗಲು ಬಿಡಿ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ 2019ರ ಜೂನ್‌ನಿಂದ ತಾಂಜಾನಿಯಾದಲ್ಲಿ ನಿಷಿದ್ಧ, ಅವಲಕ್ಕಿ ಚಟ್ನಿಪುಡಿಯನ್ನು ಬಟ್ಟೆಚೀಲಕ್ಕೋ ಡಬ್ಬಕ್ಕೋ ಹಾಕಿಸಿ.

ಬೊಮಾಗಳ ಹತ್ತಿರ ಹಾದುಹೋಗುವಾಗ ರೀತಿ ತಿಳಿದಿದ್ದರೆ ಕೆಲಸ ಸಲೀಸು. "ಸೊಪಾ" ಎಂದು ನಮಸ್ಕರಿಸಿದರೆ ಉತ್ತರ "ಇಪಾ". ಮಕ್ಕಳು ತಲೆ ಬಗ್ಗಿಸಿ ಮುಂದೆ ನಿಂತರೆ ನೆತ್ತಿ ಮುಟ್ಟಬೇಕು. ಕೈ ಕುಲುಕಲು ಹೋದರೆ ಅವರಿಗೂ ಮುಜುಗರ ನಮಗೂ ಮುಜುಗರ. ಫೋಟೊಗೆ ಮೊದಲೇ ಒಪ್ಪಿಗೆ. ಬೊಮಾದ ಒಳಗೆ ಹೋಗುವುದಾದರೆ ದುಡ್ಡು ಹಿರಿಯರ ಕೈಗೆ ಒಂದೇ ಸಲ, ಮಕ್ಕಳಿಗೆ ಬಿಡಿಬಿಡಿ ನೋಟು ಹಂಚಬೇಡಿ. ಹಾಗೆ ಹಂಚಿದ ಗುಂಪಿನ ಹಿಂದೆ ಬರುವ ಗುಂಪು ನಾವಾದರೆ ಆ ದಿನ ನಡೆಯುವುದೇ ಕಷ್ಟ. 2022ರಿಂದ ಸರ್ಕಾರ ಇಲ್ಲಿನ ಕುಟುಂಬಗಳನ್ನು ಹಂಡೇನಿ ಜಿಲ್ಲೆಯ ಮ್ಸೊಮೆರಾಕ್ಕೆ ಕಳಿಸಲು ಶುರುಮಾಡಿದೆ. ಅದರ ನೋವು ಜಗಳ ಎರಡೂ ಅಲ್ಲಿ ಹಸಿಯಾಗಿವೆ, ನಡುವೆ ಬಾಯಿ ಹಾಕಬೇಡಿ. ಹೋದ ವರ್ಷ ಕತ್ತೆ ಕೊಟ್ಟ ಮನೆ ಈ ವರ್ಷ ಅಲ್ಲಿದೆಯೇ ಎಂದು ಮೊದಲೇ ವಿಚಾರಿಸಿ.

ದುಡ್ಡಿನ ಲೆಕ್ಕ ನೆನಪಿನಿಂದ. ಗೊರೊಂಗೊರೊ ಪ್ರವೇಶ ತೆರಿಗೆ ಸೇರಿ ತಲೆಗೆ ದಿನಕ್ಕೆ ಎಪ್ಪತ್ತು ಡಾಲರ್ ಚಿಲ್ಲರೆ, ದಿನ ಅಂದರೆ 24 ಗಂಟೆ. ಅದಕ್ಕೇ ಲೊಡುವಾರೆ ಗೇಟನ್ನು ಮಧ್ಯಾಹ್ನ ಎರಡರ ಮೇಲೆ ದಾಟುತ್ತೇವೆ. ನಾಲ್ಕನೇ ದಿನ ಬೆಳಿಗ್ಗೆ ಇಳಿದುಬಿಟ್ಟರೆ ಮೂರೇ ದಿನದ ಶುಲ್ಕ. ಮೊದಲ ಸಲ ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋಗಿ ಒಂದು ದಿನದ ಹಣ ಸುಮ್ಮನೆ ಕಟ್ಟಿದ್ದೆವು. ಗೇಟಿನಲ್ಲಿ ಕಾರ್ಡ್ ಮಾತ್ರ, ನಗದು ನಡೆಯುವುದಿಲ್ಲ. ಬಿಡಾರ, ರೇಂಜರ್ ಬೇರೆ. ಕತ್ತೆಗೆ ದಿನಕ್ಕೆ ಇಪ್ಪತ್ತು ಸಾವಿರ ಶಿಲ್ಲಿಂಗ್, ಆಳಿಗೆ ಇಪ್ಪತ್ತೈದು. ಎರಡು ದಿನದ ಕೆಲಸವಾದರೂ ಐದು ದಿನದ ಕೂಲಿ: ನೈಯೋಬಿಯಿಂದ ಅಂಚಿಗೆ ಹತ್ತಿ ಬರಲು ಒಂದು, ನಾಟ್ರಾನ್‌ನಿಂದ ವಾಪಸು ಹೋಗಲು ಎರಡು. ಇದನ್ನು ಮೊದಲ ಸಲ ಲೆಕ್ಕ ಹಿಡಿಯದೆ ಎಂಗಾರೆ ಸೇರೊದಲ್ಲಿ ಅರ್ಧ ದಿನ ಜಗಳ, ತಪ್ಪು ನಮ್ಮದೇ. ಖಾಲಿ ಜೀಪು ಕರಾಟು, ಮ್ಟೊ ವಾ ಎಂಬು, ಎಂಗಾರುಕ ಸುತ್ತಿ ಕೆಳಗೆ ಬರಬೇಕು. ಆ ರಸ್ತೆಯಲ್ಲಿ ಹಳ್ಳಿ ಗೇಟುಗಳು ಒಂದೊಂದೂ ತಲೆಗೆ ಹತ್ತು-ಇಪ್ಪತ್ತು ಡಾಲರ್ ಕೇಳುತ್ತವೆ. ವಾಪಸು ಹೋಗುವುದೂ ಅದೇ ದಾರಿ, ರಸೀದಿ ಜೋಪಾನ. ಎಲ್ಲ ಸೇರಿ ಅರುಷಾದಿಂದ ಅರುಷಾಕ್ಕೆ ತಲೆಗೆ 880 ಡಾಲರ್ ಬಿತ್ತು. ಆಗುವುದಿಲ್ಲ ಎಂದವರಲ್ಲೊಬ್ಬರು ಇದೇ ನಡಿಗೆಗೆ ಹೇಳಿದ ದರ 1,600.

ಲೆಂಗೈ ಹತ್ತುವುದನ್ನು ಇದಕ್ಕೆ ಸೇರಿಸಬೇಡಿ. 2,962 ಮೀಟರ್, ನಡುರಾತ್ರಿ ಹೊರಟು ಬಿಸಿಲೇರುವ ಮೊದಲು ಇಳಿಯಬೇಕಾದ ಬೂದಿಗುಡ್ಡ. ಮೂರು ದಿನ ಇಳಿದ ಮಂಡಿಗೆ ಅದು ಶಿಕ್ಷೆ. ಒಮ್ಮೆ ಇಬ್ಬರನ್ನು ಕಳಿಸಿ ನೋಡಿದೆವು, ಅರ್ಧಕ್ಕೆ ಹಿಂದಿರುಗಿದರು. ಬದಲಿಗೆ ಸಂಜೆ ಎಂಗಾರೆ ಸೇರೊ ಕಣಿವೆಯ ತೊರೆಯಲ್ಲಿ ಕಾಲು ಇಳಿಬಿಟ್ಟು ಕೂರಿಸಿ. ಮರುದಿನ ಬೆಳಿಗ್ಗೆ ಗಟ್ಟಿಯಾದ ಬೂದಿಯಲ್ಲಿ ಉಳಿದಿರುವ ಪ್ರಾಚೀನ ಮನುಷ್ಯರ ನಾನೂರಕ್ಕೂ ಹೆಚ್ಚು ಹೆಜ್ಜೆಗುರುತು ತೋರಿಸಿ. ಮಧ್ಯಾಹ್ನದ ಮೇಲೆ ಅಲ್ಲಿಗೆ ಹೋಗಬೇಡಿ, ನೆಲ ಕಾವಲಿಯ ಹಾಗೆ ಕಾದಿರುತ್ತದೆ.

ಕತ್ತೆಯವರ ಲೆಕ್ಕ ತೀರಿಸುವುದು ಹಳ್ಳಿಗೆ ಬಂದ ಕೂಡಲೇ, ಊಟಕ್ಕೂ ಮೊದಲು. ಅವರು ಆ ದುಡ್ಡಿನಲ್ಲಿ ಮೆಕ್ಕೆಜೋಳದ ಹಿಟ್ಟಿನ ಮೂಟೆ ಕೊಂಡು, ಬಿಸಿಲು ಇಳಿದ ಮೇಲೆ ಅದೇ ಕತ್ತೆಗಳ ಮೇಲೆ ಹೇರಿಕೊಂಡು ಮೇಲಕ್ಕೆ ಹೊರಡುತ್ತಾರೆ. ನಮ್ಮ ಬಾಲಪಟ್ಟಿ ನಾಲ್ಕನ್ನು ಬಿಚ್ಚದೆ ಹಾಗೆಯೇ ಒಯ್ದರು, ಕೇಳಲಿಲ್ಲ, ನಾವೂ ಕೇಳಲಿಲ್ಲ.