ಕೋಕಾ ರಾಶಿಯಲ್ಲಿ ಸಿಕ್ಕ ಒಳ್ಳೆ ಚಾಲಿ

ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ನಾನು 11 ವರ್ಷದಿಂದ ಮೇಲ್ವಿಚಾರಕಿ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಆರಿಸುವ ಹೆಂಗಸರು, ತೂಕದವರು, ಹಮಾಲರು, ಎಲ್ಲರ ಕೆಲಸ ನೋಡಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮಲ್ಲಿ ಒಂದು ಜಗಳವಾಯಿತು. ನಡೆದದ್ದು ಒಂದೇ ನಿಮಿಷ. ಅದು ಏನು ಮಾಡಿದೆ ಅಂತ ನನಗೆ ಕಂಡದ್ದು ಮೂರು ವಾರ ಕಳೆದ ಮೇಲೆ, ಅದೂ ಅಡಿಕೆಯಲ್ಲಿ.

ಆರಿಸಿಟ್ಟ ಒಂದು ಚೀಲ ಚಾಲಿಯಲ್ಲಿ ಕೋಕಾ, ಅಂದರೆ ಕಡಿಮೆ ದರ್ಜೆಯ ಅಡಿಕೆ, ಸೇರಿಕೊಂಡಿತ್ತು. ತೂಕದ ಹುಡುಗ ಚೀಲವನ್ನು ನೆಲಕ್ಕೆ ಸುರಿದು, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಅಕ್ಕನಿಗೆ, "ಕಣ್ಣು ಕಾಣ್ತದೋ ಇಲ್ವೋ ನಿಂಗೆ?" ಎಂದ. ಹಮಾಲರಿದ್ದರು, ಅಡಿಕೆ ತಂದ ರೈತರಿದ್ದರು. ಅಕ್ಕ ಒಂದು ಮಾತೂ ಆಡಲಿಲ್ಲ. ಕುಳಿತು ಅಷ್ಟನ್ನೂ ಮತ್ತೆ ಆರಿಸಿದರು.

ಮಾರನೇ ದಿನ ಚಹಾದ ಹೊತ್ತಿಗೆ ಇಬ್ಬರನ್ನೂ ಎಲ್ಲರೆದುರು ಕರೆದು, "ಆಗಿದ್ದು ಆಯ್ತು, ಬಿಟ್ಬಿಡಿ" ಎಂದೆ. ಅದು ನನ್ನ ತಪ್ಪು. ಇಬ್ಬರೂ ಸುಮ್ನೆ ತಲೆ ಆಡಿಸಿದರು. ಮೊದಲೆಲ್ಲ ಅನುಮಾನ ಬಂದರೆ ಅಕ್ಕ ಅಡಿಕೆ ಎತ್ತಿ ಹಿಡಿದು, "ತಮಾ, ಇದು ಎಲ್ಲಿಗೆ ಹಾಕ್ಲಿ?" ಎಂದು ಕೂಗುತ್ತಿದ್ದರು. ಆ ಕೂಗು ನಿಂತಿತು. ಚಹಾ ಕುಡಿಯುವವರು ಎರಡು ಗುಂಪಾದರು. ಹೊಸದಾಗಿ ಸೇರಿದ್ದ ಒಬ್ಬ ಹುಡುಗಿಗೂ ಜಗಳಕ್ಕೂ ಸಂಬಂಧವೇ ಇರಲಿಲ್ಲ. ಅವಳು ವಾರಕ್ಕೆ ಎರಡು ದಿನ ರಜೆ ಹಾಕತೊಡಗಿದಳು.

ಒಂದು ಸಂಜೆ ಕೋಕಾ ರಾಶಿಗೆ ಕೈ ಹಾಕಿದೆ. ಒಂದು ಬೊಗಸೆಯಲ್ಲಿ ಏಳೆಂಟು ಒಳ್ಳೆ ಚಾಲಿ! ಎಲ್ಲೋ ಒಂದು ಸಣ್ಣ ಗೀರು, ಚೂರು ಸಿಪ್ಪೆ, ಅಷ್ಟಕ್ಕೇ ಕೋಕಾ ಪಾಲಾಗಿದ್ದವು. ಎರಡರ ದರದಲ್ಲಿ ಎಷ್ಟು ಅಂತರ ಅಂತ ಅಡಿಕೆ ಬೆಳೆದವರಿಗೆ ಗೊತ್ತು. ಅಕ್ಕನ ಕಣ್ಣಿಗೆ ಏನೂ ಆಗಿರಲಿಲ್ಲ. ಇನ್ನೊಮ್ಮೆ ಹಾಗೆ ಅನ್ನಿಸಿಕೊಳ್ಳಬಾರದು ಎಂಬ ಹೆದರಿಕೆ ಕೈಗೆ ಇಳಿದಿತ್ತು.

ಕೆಲಸದ ಬಗ್ಗೆ ಬರುವ ಭಿನ್ನಾಭಿಪ್ರಾಯ ಬೇರೆ, ಮನುಷ್ಯರ ನಡುವಿನ ಮನಸ್ತಾಪ ಬೇರೆ ಎಂದು ಕರೆನ್ ಜೆನ್ ಎಂಬ ಸಂಶೋಧಕಿ 1995ರಲ್ಲಿ ಬರೆದಿದ್ದಾರೆ. ಮೊದಲನೆಯದು ಕೆಲವು ಕಡೆ ಒಳ್ಳೆಯದನ್ನೂ ಮಾಡಬಹುದು, ಎರಡನೆಯದು ಕೆಡಿಸುತ್ತದೆ ಎಂಬುದು ಅವರ ಮಾತು. ನಿಜವೇ. ಆದರೆ ನಮ್ಮಲ್ಲಿ ಮೊದಲನೆಯದು ಎರಡನೆಯದಾಗಲು ಒಂದು ವಾಕ್ಯ ಸಾಕಾಯಿತು. ಕೋಕಾ ಸೇರಿದೆ ಅನ್ನುವುದು ಕೆಲಸದ ಮಾತು. ಕಣ್ಣು ಕಾಣ್ತದೋ ಅನ್ನುವುದು ಅಲ್ಲ.

ಮರುದಿನ ಅಕ್ಕನ ಪಕ್ಕ ಕುಳಿತು ನಾನೂ ಅಡಿಕೆ ಆರಿಸಿದೆ. ಏನನ್ನೂ ಕೇಳಲಿಲ್ಲ. ಅರ್ಧ ಗಂಟೆ ಆದ ಮೇಲೆ ಅವರೇ, "ತಪ್ಪು ತೋರ್ಸಿದ್ದಕ್ಕಲ್ಲ ತಂಗಿ, ರೈತರ ಎದುರು ಅಂದ" ಎಂದರು. ಹುಡುಗನ ಹತ್ತಿರ ಬೇರೆಯಾಗಿ ಮಾತಾಡಿದೆ. ಜಗಳದ ಹಿಂದಿನ ವಾರ ಖರೀದಿದಾರರು ಮಾಲು ವಾಪಸ್ ಮಾಡಿದ್ದಕ್ಕೆ ಅವನಿಗೆ ಬೈಗುಳ ಬಿದ್ದಿತ್ತಂತೆ. ನನಗೆ ಅದು ಗೊತ್ತೇ ಇರಲಿಲ್ಲ.

ಕ್ಷಮೆ ಕೇಳು ಅಂತ ಒತ್ತಾಯ ಮಾಡಲಿಲ್ಲ. ಒಂದು ಪದ್ಧತಿ ಮಾತ್ರ ಬದಲಿಸಿದೆ. ತಪ್ಪು ಕಂಡ ಚೀಲ ಈಗ ಹಿಂದಿನ ಕೋಣೆಗೆ ಹೋಗುತ್ತದೆ. ತೂಕದವನು ಮತ್ತು ಆರಿಸಿದವರು ಇಬ್ಬರೇ ಕುಳಿತು ನೋಡುತ್ತಾರೆ.

ಹದಿನೈದು ದಿನ ಹಿಡಿಯಿತು. ಒಂದು ಬೆಳಿಗ್ಗೆ ಅವನೇ ಅಡಿಕೆಯೊಂದನ್ನು ತಂದು, "ಅಕ್ಕ, ಇದು ಕೋಕಾ ಅಲ್ವಾ?" ಎಂದ. ಅವರು ತಿರುಗಿಸಿ ನೋಡಿ, "ಅಲ್ಲ ತಮಾ, ಚಾಲಿನೇ" ಎಂದರು.

ಹೊಸ ಹುಡುಗಿ ಅಷ್ಟರಲ್ಲಿ ಕೆಲಸ ಬಿಟ್ಟಿದ್ದಳು.