ಎರಡಡಿ ಹಲಗೆಯ ಮೇಲೆ 1520ರ ರಾಯಚೂರು: ಕಿರುಸೇನೆ ಕಟ್ಟಿದ ನನ್ನ ಅನುಭವ

ಮೊದಲು ನೆಲ, ಆಮೇಲೆ ದಂಡು. ಪುಟ್ಟ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚಿ ಹಲಗೆಯ ಮೇಲೆ ಕದನ ಆಡುವ ಈ ಹವ್ಯಾಸಕ್ಕೆ ಬಿದ್ದವರಲ್ಲಿ ಹೆಚ್ಚಿನವರು ಗೊಂಬೆ ಕೈಗೆ ಬಂದ ದಿನವೇ ಬ್ರಷ್ ಹಿಡಿಯುತ್ತಾರೆ, ಹಲಗೆಯ ಮಾತು ಕೊನೆಗೆ. ನಾನು ತಿರುಗಾಮುರುಗಾ ಮಾಡಿದೆ. 15 ಮಿ.ಮೀ. ಎತ್ತರದ ಕಾಲಾಳಿನ ಪೇಟದ ಕೆಲಸ ಎರಡಡಿ ದೂರಕ್ಕೆ ಕಾಣುವುದಿಲ್ಲ, ಅವನ ಕಾಲಡಿಯ ಮಣ್ಣು ಕಾಣುತ್ತದೆ. ಬೇಸಿನ (ಗೊಂಬೆಗಳನ್ನು ಅಂಟಿಸಿ ನಿಲ್ಲಿಸುವ ತಳದ ತುಂಡು) ಬಣ್ಣ ಒಂದು, ಹಲಗೆಯ ಬಣ್ಣ ಇನ್ನೊಂದು ಆದರೆ ಎಂಥಾ ದಂಡೂ ತಟ್ಟೆಯಲ್ಲಿಟ್ಟ ಉಂಡೆಯ ಹಾಗೆ ನೆಲದಿಂದ ಬೇರೆಯಾಗಿ ಕೂರುತ್ತದೆ.

ಕದನ ನಮ್ಮೂರಿನದೇ: ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ, 1520ರ ಮೇ 19. ಹಲಗೆ ಮಾಡುವವರು ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಒಂದು ಮೂಲೆಗೆ ರಾಯಚೂರು ಕೋಟೆ, ಎದುರು ಮೂಲೆಗೆ ಕೃಷ್ಣಾ ನದಿ, ನಡುವೆ ಆನೆ ಕುದುರೆ. ರಾಯ ಕೋಟೆಗೆ ಮುತ್ತಿಗೆ ಹಾಕಿದ್ದು ನಿಜ. ಆದರೆ ಆದಿಲ್ ಶಾಹ ಹೊಳೆ ದಾಟಿ ಬಂದ ಸುದ್ದಿ ತಿಳಿದು ಉತ್ತರಕ್ಕೆ ನಡೆದು ಕಾದಿದ್ದು ನದಿಯ ಕಡೆಯ ಬಯಲಿನಲ್ಲಿ. ಕೋಟೆಯಿಂದ ಹೊಳೆಗೆ 20 ಕಿ.ಮೀ.ಗೂ ಹೆಚ್ಚು. ಗೆದ್ದ ಮೇಲೆ ಮತ್ತೆ ಮುತ್ತಿಗೆ ಮುಂದುವರಿಯಿತು. ಹಾಗಾಗಿ ಹಲಗೆ ಎರಡು ಬೇಕು: ಆಡಲು 60 × 60 ಸೆಂ.ಮೀ.ನ ಬಯಲು, ನೋಡಲು 30 × 30ರ ಕೋಟೆ ಮೂಲೆ.

ಅಳತೆಗೆ ಡಿಬಿಎ (De Bellis Antiquitatis) ಎಂಬ ಗೊಂಬೆ ಕದನದಾಟದ ನಿಯಮ ಹಿಡಿದೆ. ಒಂದು ಸೇನೆಗೆ 12 ಬೇಸ್, ಎಲ್ಲದರ ಅಗಲ 40 ಮಿ.ಮೀ. ಆಳ ಕಾಲಾಳಿಗೆ 15 ಅಥವಾ 20, ಕುದುರೆಗೆ 30, ಆನೆಗೂ ತೋಪಿಗೂ 40. ನನ್ನ ರಾಯನ ಕಡೆ 3 ಆನೆ, ಕುದುರೆಯವರ 3 ಬೇಸ್ (ಒಂದಕ್ಕೆ ಮೂವರು ಸವಾರರು), ಕಾಲಾಳಿನ 5 ಬೇಸ್ (ಒಂದಕ್ಕೆ ನಾಲ್ವರು), ಚದುರಿ ಓಡಾಡುವ ಬಿಲ್ಲಿನವರ 1 ಬೇಸ್ (ಇಬ್ಬರು). ಪೋರ್ಚುಗೀಸ್ ಬರಹಗಾರ ನ್ಯೂನಿಜ್ ರಾಯನ ಸೇನೆಗೆ ಬರೆದಿಟ್ಟ ಲೆಕ್ಕ 7,03,000 ಕಾಲಾಳು, 32,600 ಕುದುರೆ, 551 ಆನೆ. ಅದನ್ನು ನಂಬಿದರೆ ನನ್ನ ಒಬ್ಬೊಬ್ಬ ಕಾಲಾಳು ಸುಮಾರು ಮೂವತ್ತೆರಡು ಸಾವಿರ ಜನರ ಪರವಾಗಿ ನಿಂತಿದ್ದಾನೆ! ಮುತ್ತಿಗೆಯಲ್ಲಿ ಗೋಡೆ ಮೇಲಿನವರನ್ನು ಕೋವಿಯಿಂದ ಉರುಳಿಸಿದ ಕ್ರಿಸ್ತೊವಾಂವ್ ದ ಫಿಗೆರೇದೊ ಮತ್ತು ಅವನ ಇಪ್ಪತ್ತು ಪೋರ್ಚುಗೀಸರಿಗೆ ಹದಿಮೂರನೇ ಬೇಸ್ ಒಂದಿದೆ. ಅದು ಕೋಟೆ ಹಲಗೆಗೆ ಮಾತ್ರ, ಬಯಲಿಗೆ ಇಳಿಯುವುದಿಲ್ಲ.

ನೆಲದ ಕೆಲಸಕ್ಕೆ ಬರೋಣ. ಅಡಿಗೆ 6 ಮಿ.ಮೀ. ಪ್ಲೈವುಡ್, ಮೇಲೆ 25 ಮಿ.ಮೀ. ಥರ್ಮಾಕೋಲ್. ಪ್ಲೈವುಡ್ಡಿನ ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ಮೊದಲೇ ಒಂದು ಕೋಟ್ ಆಯಿಲ್ ಪೇಂಟ್ ಹೊಡೆಯಿರಿ. ಬರೀ ಮೇಲಿನ ಮುಖಕ್ಕೆ ಫೆವಿಕಾಲ್ ನೀರು ಬಿದ್ದರೆ ಆ ಕಡೆ ಉಬ್ಬಿ, ಒಣಗುವಾಗ ಎಳೆದು, ಹಲಗೆ ದೋಣಿಯಾಗುತ್ತದೆ. ಬೇಸಿಗೆ ಕತ್ತರಿಸಿದ 3 ಮಿ.ಮೀ. ಎಂಡಿಎಫ್ ಕೂಡ ಹೀಗೇ ಬಾಗುತ್ತದೆ, ಅದಕ್ಕೂ ಅಡಿಮುಖಕ್ಕೆ ಬಣ್ಣ ಬೇಕು. ಥರ್ಮಾಕೋಲಿಗೆ ಫೆವಿಕಾಲ್ ಬಿಟ್ಟು ಬೇರೆ ಯಾವ ಅಂಟೂ ಬೇಡ. ರಬ್ಬರ್ ಸೊಲ್ಯೂಷನ್, ಸ್ಪ್ರೇ ಪೇಂಟ್ ಎರಡೂ ಅದನ್ನು ಸಕ್ಕರೆ ಕರಗಿದ ಹಾಗೆ ಕರಗಿಸುತ್ತವೆ. ಥರ್ಮಾಕೋಲಿನ ಕಾಳು ಮುಚ್ಚಲು ವಾಲ್ ಪುಟ್ಟಿ ನಾಲ್ಕು ಪಾಲು, ಫೆವಿಕಾಲ್ ಒಂದು ಪಾಲು, ಇಡ್ಲಿ ಹಿಟ್ಟಿನ ಹದಕ್ಕೆ ನೀರು, 2 ಮಿ.ಮೀ. ದಪ್ಪ. ಫೆವಿಕಾಲ್ ಬಿಟ್ಟರೆ ಪುಟ್ಟಿ ಮೂರನೇ ದಿನಕ್ಕೆ ಹಪ್ಪಳದಂತೆ ಏಳುತ್ತದೆ.

ಬಂಡೆ, ದಿಬ್ಬಗಳಿಗೆ ಪುಟ್ಟಿ ಭಾರ. ಕೊಪ್ಪಳದ ಕಿನ್ನಾಳದ ಗೊಂಬೆಯವರು ಬಳಸುವ ಕಿಟ್ಟದ ದಾರಿಯನ್ನೇ ಹಿಡಿದೆ: ಜರಡಿ ಹಿಡಿದ ಮರದ ಹೊಟ್ಟು, ಹುಣಸೆ ಬೀಜದ ಸರಿ. ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ ಅರೆದು, ಗಂಜಿಯಾಗುವ ತನಕ ಕುದಿಸಬೇಕು. ಕೊನೆಗೆ ಒಂದು ಚಿಟಿಕೆ ಮೈಲುತುತ್ತ. ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಸ್ಟು, ಆಮೇಲೆ ಹುಳ. ಮೈಲುತುತ್ತ ವಿಷ, ಹಾಗಾಗಿ ಅಡುಗೆ ಪಾತ್ರೆ ಬಳಸಬೇಡಿ. ಕಿಟ್ಟ ಹಗುರ, ಬಿರುಕು ಬಿಡುವುದಿಲ್ಲ, ಒಣಗಿದ ಮೇಲೆ ಚಾಕುವಿಗೆ ಸಿಗುತ್ತದೆ. ನಿಜವಾದ ಗ್ರಾನೈಟ್ ಜಲ್ಲಿ ಇಡುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಕಲ್ಲಿನೊಳಗಿನ ಹರಳು ನಮ್ಮ ಗೊಂಬೆಗಳ 1/100 ಅಳತೆಗೆ ಇಳಿಯುವುದಿಲ್ಲ. 4 ಮಿ.ಮೀ. ಹರಳು ಅಲ್ಲಿ 40 ಸೆಂ.ಮೀ. ಆಗಿ ಕೂರುತ್ತದೆ.

ಈಗ ಎರೆ ಮಣ್ಣು. ಮೇ ತಿಂಗಳ ಎರೆ ಹೊಲ ಬಾಯಿ ಬಿಟ್ಟಿರುತ್ತದೆ, ಆ ಬಿರುಕು ಹಲಗೆಯ ಮೇಲೂ ಬೇಕು. ಹೊಲದ ಮಣ್ಣನ್ನೇ ತಂದು ಮೆತ್ತಿದರೆ ಬಿರುಕು ಬರುವುದೇನೋ ನಿಜ, ಆದರೆ ಗಾತ್ರ ಕೆಡುತ್ತದೆ. ಬಿರುಕುಗಳ ನಡುವಿನ ಅಂತರ ಮಣ್ಣಿನ ದಪ್ಪದ ಮೇಲೆ ನಿಂತಿದೆ: ಪದರ ದಪ್ಪವಾದಷ್ಟೂ ಹೆಂಟೆ ದೊಡ್ಡದು. ಮೂರು ಮಿ.ಮೀ. ಬಳಿದರೆ ಸೈನಿಕ ಕಾಲಿಟ್ಟಲ್ಲಿ ಕಂದಕ. ಅರ್ಧ ಮಿ.ಮೀ. ಬಳಿದರೆ ಹದ. ಮಣ್ಣನ್ನು ಹಳೆಯ ಹಂಚಿನ ಮೇಲೆ ಚೆನ್ನಾಗಿ ಹುರಿದು (ಬೀಜ, ಹುಳ ಸಾಯಲಿ), ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಮೊಸರಿನ ಹದಕ್ಕೆ ಕಲಸಿ, ಅಗಲ ಬ್ರಷ್ಷಿನಲ್ಲಿ ಬಳಿದು ನೆರಳಿಗಿಡಿ. ಬಿಸಿಲಿಗಿಟ್ಟರೆ ಅಂಚು ಮೊದಲು ಒಣಗಿ ಚಿಪ್ಪಿನಂತೆ ಸುರುಳಿ ಏಳುತ್ತದೆ. ಬಿರುಕು ಬಂದ ಮೇಲೆ ಒಂದಕ್ಕೆ ನಾಲ್ಕು ನೀರು ಬೆರೆಸಿದ ಫೆವಿಕಾಲ್, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಸಣ್ಣ ಸ್ಪ್ರೇ ಬಾಟಲಿಯಿಂದ ಮಂಜಿನ ಹಾಗೆ ಬಿಡಿ. ಲಿಕ್ವಿಡ್ ಹಾಕದಿದ್ದರೆ ನೀರು ಮಣಿಯಾಗಿ ನಿಂತು ಗುಂಡಿ ಬೀಳುತ್ತದೆ.

ಅಂಟು ಹೀರಿದ ಎರೆ ಇದ್ದಿಲಿನ ಬಣ್ಣಕ್ಕೆ ತಿರುಗುತ್ತದೆ. ಹೊಲದಲ್ಲಿ ನಿಂತು ದೂರ ನೋಡಿದರೆ ಎರೆ ಅಷ್ಟು ಕಪ್ಪಾಗಿ ಯಾವತ್ತೂ ಕಾಣುವುದಿಲ್ಲ, ನಡುವಿನ ಗಾಳಿ ಧೂಳು ಅದನ್ನು ಬೂದು ಮಾಡಿರುತ್ತವೆ. ಹಲಗೆಯನ್ನೂ ನಾವು ದೂರದಿಂದ ನೋಡಿದ ಹಾಗೆಯೇ ತಿಳಿಗೊಳಿಸಬೇಕು. ಕಂದು, ಬೂದು, ಸ್ವಲ್ಪ ಬಿಳಿ ಸೇರಿಸಿ ಒಣ ಬ್ರಷ್ಷಿನಲ್ಲಿ (ಬಣ್ಣ ಬಹುಪಾಲು ಒರೆಸಿದ ಬ್ರಷ್) ಎರಡು ಸಲ ಸವರಿ. ಮೇಲಿನ ಧೂಳಿಗೆ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿಯಷ್ಟು ನಯವಾದ ಪುಡಿ ಇನ್ನೊಂದಿಲ್ಲ. ಇಟ್ಟಿಗೆ ಮಾಡುವವರ ಹತ್ತಿರ ಒಂದು ಹಿಡಿ ಸಿಗುತ್ತದೆ. ಮೂಗಿಗೆ ಮಾಸ್ಕ್ ಇಲ್ಲದೆ ಡಬ್ಬಿ ತೆರೆಯಬೇಡಿ. ಮಸಾರಿ ನೆಲದ ತುಂಡು ಬೇಕೆಂದರೆ ಸಂಡೂರಿನ ಕೆಂಪು ಧೂಳು ಒಂದು ಚಿಟಿಕೆ ಸಾಕು. ಒಂದು ಚಮಚ ಹಾಕಿದರೆ ಹಲಗೆ, ಬ್ರಷ್, ಬೆರಳು, ಲುಂಗಿ ಎಲ್ಲವೂ ಗಣಿಯಿಂದ ಎದ್ದು ಬಂದಂತಾಗುತ್ತವೆ.

ಬೆಳೆ, ಗಿಡಗಳ ವಿಷಯದಲ್ಲಿ ಕಣ್ಣಿಗೆ ಕಂಡದ್ದನ್ನೆಲ್ಲ ಹಲಗೆಗೆ ತರಬೇಡಿ. ಬಳ್ಳಾರಿ ಜಾಲಿ ಈಗ ಎಲ್ಲಿ ನೋಡಿದರೂ ಇದೆ, ಆದರೆ ಅದು ಅಮೆರಿಕದ ಗಿಡ, ನಮ್ಮ ದೇಶಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಪಾಪಾಸುಕಳ್ಳಿಯೂ ಆಚೆ ಖಂಡದ್ದು, ಮೆಣಸಿನಕಾಯಿ ಹೊಲವೂ ಬೇಡ. ಈ ಬಯಲಿನಲ್ಲಿ ಕಾಲುವೆ ಭತ್ತ ತುಂಗಭದ್ರಾ ಡ್ಯಾಮಿನ ನಂತರದ ಮಾತು. ಕರಿಜಾಲಿ, ಬೇವು, ಹುಣಸೆ, ಈಚಲು ಇಡಿ. ಹೊಲಕ್ಕೆ ಜೋಳದ ಕೂಳೆ: ಹಳೆಯ ಗೋಡೆ ಬ್ರಷ್ಷಿನ ಕೂದಲನ್ನು 1.5 ಮಿ.ಮೀ.ಗೆ ಕತ್ತರಿಸಿ, 4.5 ಮಿ.ಮೀ. ಅಂತರದ ಸಾಲಿನಲ್ಲಿ ನೆಡಬೇಕು. ಒಂದು ಅಂಗೈ ಅಗಲಕ್ಕೆ ಒಂದು ಸಂಜೆ ಹಿಡಿಯುತ್ತದೆ, ಹೆಚ್ಚು ಹೊಲ ಮಾಡುವ ಆಸೆ ಇಟ್ಟುಕೊಳ್ಳಬೇಡಿ. ಒಣ ಹುಲ್ಲಿಗೆ ಗೋಣಿ ನಾರು. ಅಕ್ಕಿ ತೌಡು, ರಾಗಿ ಇವೆಲ್ಲ ಚಂದ ಕಾಣುತ್ತವೆ, ಇರುವೆಗೂ ಚಂದ ಕಾಣುತ್ತವೆ.

ಹೊಳೆಗೆ ಎಪಾಕ್ಸಿ ಸುರಿಯುವ ಸಾಹಸ ಬೇಸಿಗೆಯಲ್ಲಿ ಬೇಡ. ಗಟ್ಟಿಯಾಗುವಾಗ ಅದೇ ಬಿಸಿ ಬಿಡುತ್ತದೆ, ಮೇಲೆ ನಮ್ಮ 42 ಡಿಗ್ರಿ. ಅಡಿಯ ಥರ್ಮಾಕೋಲ್ ಕುಸಿಯುತ್ತದೆ. ಮೇ ತಿಂಗಳ ಕೃಷ್ಣೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು, ಆದ್ದರಿಂದ ಪಾತ್ರಕ್ಕೆ ಹಸಿರುಗಂದು ಬಳಿದು ಗ್ಲಾಸ್ (ಹೊಳಪಿನ) ವಾರ್ನಿಷ್ ನಾಲ್ಕು ಕೋಟ್ ಕೊಟ್ಟರೆ ಸಾಕು.

ಗೊಂಬೆಗಳು 3ಡಿ ರೆಸಿನ್ ಪ್ರಿಂಟಿನವು, ಹೈದರಾಬಾದಿನಲ್ಲಿ ಹಾಕಿಸಿದ್ದು. ಕೈಗೆ ಅಂಟಂಟು ಎನಿಸಿದರೆ ತೊಳೆದದ್ದು ಸಾಲದು ಎಂದರ್ಥ. ಗ್ಲೌಸ್ ಹಾಕಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇನ್ನೊಮ್ಮೆ ಜಾಲಾಡಿ, ಪೂರ್ತಿ ಒಣಗಿಸಿ, ಆಮೇಲೆ ಬಿಸಿಲಿಗೆ ಹತ್ತು ನಿಮಿಷ. ಅರ್ಧ ದಿನ ಇಟ್ಟರೆ ಗಾಜಿನಂತೆ ಮುರಿಯುತ್ತವೆ. ಈಟಿಗಳನ್ನು ಕತ್ತರಿಸಿ ಎಸೆದು 24 ಗೇಜಿನ ಜಿ.ಐ. ತಂತಿ ಹಾಕಿದೆ. ಅದು ಅರ್ಧ ಮಿ.ಮೀ. ಚಿಲ್ಲರೆ ದಪ್ಪ. ಸೆಂಟ್ರಿಂಗಿನವರ ಬೈಂಡಿಂಗ್ ವೈರ್ ಸುಮಾರು 1 ಮಿ.ಮೀ., ಈ ಅಳತೆಯಲ್ಲಿ ಅದು ಈಟಿಯಲ್ಲ, ಚಪ್ಪರದ ಗೂಟ. 25 ಮಿ.ಮೀ. ತುಂಡು ಮಾಡಿ ಎರಡು ಗಾಜಿನ ನಡುವೆ ಉರುಳಿಸಿದರೆ ನೆಟ್ಟಗಾಗುತ್ತದೆ. ಫೆವಿಕ್ವಿಕ್ ನಮ್ಮ ಒಣ ಬೇಸಿಗೆಯಲ್ಲಿ ಬೇಗ ಹಿಡಿಯುತ್ತದೆ ಎಂದುಕೊಳ್ಳುತ್ತೇವೆ, ಆಗುವುದು ಉಲ್ಟಾ. ಅದು ಗಟ್ಟಿಯಾಗಲು ಗಾಳಿಯ ತೇವ ಬೇಕು. ಕೀಲಿನ ಒಂದು ಕಡೆ ಒದ್ದೆ ಬೆರಳು ಸೋಕಿಸಿ ಒತ್ತಿದರೆ ಕೂಡಲೇ ಕೂರುತ್ತದೆ.

ಪ್ರೈಮರ್ ಸ್ಪ್ರೇ ಬೆಳಗ್ಗೆ ಆರಕ್ಕೆ ಮುಗಿಯಬೇಕು, ದೂರ 15ರಿಂದ 20 ಸೆಂ.ಮೀ. ಹೊತ್ತೇರಿದ ಮೇಲೆ ಹನಿ ಗಾಳಿಯಲ್ಲೇ ಒಣಗಿ ಗೊಂಬೆಯ ಮುಖದ ಮೇಲೆ ಮರಳು ಕಾಗದ ಆಗುತ್ತದೆ. ಬಣ್ಣವೂ ಬ್ರಷ್ಷಿನ ತುದಿಯಲ್ಲೇ ಒಣಗುತ್ತದೆ. ಗಾಳಿಯಾಡದ ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಮೇಲೆ ಬೇಕರಿಯವರು ಟ್ರೇಗೆ ಹಾಸುವ ಬೇಕಿಂಗ್ ಪೇಪರ್ ಹಾಸಿ ಅದರ ಮೇಲೆ ಬಣ್ಣ ಬೆರೆಸಿದರೆ ಸಂಜೆಯ ತನಕ ಹಸಿ ಇರುತ್ತದೆ. ಫ್ಯಾನ್ ಆರಿಸಿ ಕೂಲರ್ ಹಾಕಿ. ನೀರು ಮಾತ್ರ ಬೋರಿನದಲ್ಲ. ನಮ್ಮ ಗಡಸು ನೀರಿನಲ್ಲಿ ತೆಳು ವಾಶ್ (ಸಂದಿಗೆ ಇಳಿಯುವ ನೀರು ನೀರಾದ ಬಣ್ಣ) ಮಾಡಿದರೆ ಒಣಗಿದ ಮೇಲೆ ಸಂದಿಗಳಲ್ಲಿ ಬಿಳಿ ಉಪ್ಪಿನ ಗೆರೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂದು ಲೀಟರ್ ಇಡೀ ಸೇನೆಗೆ ಸಾಕು.

ಟ್ಯೂಬಿನ ಕ್ಯಾಮೆಲ್ ಅಕ್ರಿಲಿಕ್ ಸಾಕು, ಬಣ್ಣದಷ್ಟೇ ನೀರು ಬೆರೆಸಿ ಎರಡು ತೆಳು ಕೋಟ್. ಮೈಬಣ್ಣಕ್ಕೆ ಬರ್ನ್ಟ್ ಸಿಯೆನ್ನಾ ಎರಡು, ಯೆಲ್ಲೋ ಓಕರ್ ಒಂದು, ಅಲ್ಟ್ರಾಮರೀನ್ ಸೂಜಿ ತುದಿಯಷ್ಟು. ಬಾಟಲಿ ಮೇಲೆ ‘ಸ್ಕಿನ್’ ಎಂದು ಬರೆದು ಬರುವ ಗುಲಾಬಿ ಬಣ್ಣ ನಮ್ಮ ಬಿಸಿಲಿನ ದಂಡಿಗೆ ಆಗದು. ಬಿಳಿ ಬಟ್ಟೆಗೆ ಬಿಳಿ ಹಚ್ಚಬೇಡಿ, ಬೂದು ಬೆರೆತ ಓಕರ್ ಮೊದಲು, ಕೆನೆಬಣ್ಣ ಆಮೇಲೆ, ಮಡಿಕೆಯ ತುದಿಗೆ ಮಾತ್ರ ಬಿಳಿ. ಉಡುಗೆಗೆ ಆಧಾರ ಹತ್ತಿರದಲ್ಲೇ ಇದೆ: ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಯ ಕೆತ್ತನೆ ಸಾಲು, ಮಹಾನವಮಿ ದಿಬ್ಬ, ಬಟ್ಟೆಯ ಪಟ್ಟೆಗಳಿಗೆ ಲೇಪಾಕ್ಷಿಯ ಚಾವಣಿ ಚಿತ್ರ. ಸರದಾರರಿಗೆ ಎತ್ತರದ ಕುಲ್ಲಾಯಿ (ಟೋಪಿ), ಉದ್ದ ಕಬಾಯಿ (ನಿಲುವಂಗಿ). ಈ ಗಾತ್ರದಲ್ಲಿ ಬಟ್ಟೆಗೆ ಮೂರು ಪಟ್ಟೆಗಿಂತ ಹೆಚ್ಚು ಎಳೆದರೆ ಕಲಸಿ ಬೂದಿಯಾಗುತ್ತದೆ.

ಗುರಾಣಿಯ ಬಗ್ಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದ ಮಾತು ನನಗೆ ತುಂಬ ಉಪಯೋಗಕ್ಕೆ ಬಂತು. ಕೆಲವು ಬೆಳ್ಳಿ ಎಲೆಯ ಕೆಲಸದವು, ಕೆಲವು ಚಿತ್ರ ಬರೆದವು, ಕೆಲವು ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕಪ್ಪು. ಕಪ್ಪು ಗುರಾಣಿಗೆ ಇಡೀ ಗೊಂಬೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಆದ ಮೇಲೆ ಗುರಾಣಿಯೊಂದಕ್ಕೇ ಗ್ಲಾಸ್ ಕೊಟ್ಟು, ಮೇಲಂಚಿಗೆ ಒಂದು ಬಿಳಿ ಬಾಗುಗೆರೆ ಎಳೆದೆ. ಇಡೀ ಸೇನೆಯಲ್ಲಿ ಮೊದಲು ಕಣ್ಣು ಹೋಗುವುದು ಅಲ್ಲಿಗೇ. ಮ್ಯಾಟ್ ವಾರ್ನಿಷ್ಷನ್ನು ಮಳೆ ಮೋಡದ ದಿನ ಹೊಡೆದರೆ ಬಿಳಿ ಮಂಜು ಕವಿಯುತ್ತದೆ. ಆದಾಗ ಹೆದರಬೇಡಿ, ಒಣ ದಿನ ನೋಡಿ ಅದರ ಮೇಲೊಂದು ಗ್ಲಾಸ್ ಕೋಟ್ ಕೊಟ್ಟರೆ ಬಹುಪಾಲು ತಿಳಿಯಾಗುತ್ತದೆ, ಆಮೇಲೆ ಮತ್ತೆ ಮ್ಯಾಟ್.

ಆನೆಗೆ ಬರೀ ಬೂದು ಹಚ್ಚಿದರೆ ಸಿಮೆಂಟಿನ ಆನೆ. ಆನೆ ಮೈಮೇಲೆ ಮಣ್ಣು ಎರಚಿಕೊಳ್ಳುವ ಪ್ರಾಣಿ, ಆದ್ದರಿಂದ ಹಲಗೆಗೆ ಬೆರೆಸಿದ ಅದೇ ಕಂದುಬೂದನ್ನು ಬೆನ್ನಿಗೆ, ಕಾಲಿಗೆ ಒಣ ಬ್ರಷ್ಷಿನಲ್ಲಿ ಸವರಿ. ಕಿವಿಯಂಚು, ಸೊಂಡಿಲ ಬುಡಕ್ಕೆ ನಸುಗುಲಾಬಿ ಚುಕ್ಕೆ. ದಂತಕ್ಕೆ ಕಟ್ಟುತ್ತಿದ್ದ ಕತ್ತಿಗೆ ಮಾತ್ರೆ ಪಟ್ಟಿಯ ಹಿಂದಿನ ಹಾಳೆಯನ್ನು ಓರೆಯಾಗಿ ಕತ್ತರಿಸಿದರೆ ಬಣ್ಣವೇ ಬೇಡ.

ಕೋಟೆ ಹಲಗೆಯಲ್ಲಿ ಒಂದೇ ವಸ್ತುವಿಗೆ ಅಳತೆ ಹಿಡಿದು ಕೂತೆ: 1294ರ ಶಾಸನವಿರುವ ಆ ಉದ್ದನೆಯ ಕಲ್ಲು. ಅದು 41 ಅಡಿಗೂ ಹೆಚ್ಚು, 1/100ಕ್ಕೆ ಇಳಿಸಿದರೆ 12.6 ಸೆಂ.ಮೀ. ಒಳಗೋಡೆಯ ಕಲ್ಲುಗಳು ಗಾರೆಯಿಲ್ಲದೆ ಕೂತವು, ಹಾಗಾಗಿ ಸಂದಿಯಲ್ಲಿ ಬಿಳಿ ಗೆರೆ ಎಳೆಯಬೇಡಿ. ಚೂಪು ಪೆನ್ಸಿಲಿನಿಂದ ಒತ್ತಿದ ಗೀರು, ಅದರೊಳಗೆ ಕಪ್ಪುಗಂದು ವಾಶ್, ಅಷ್ಟೇ. ಬಂಡೆಗೂ ಗೋಡೆಗೂ ಮಳೆ ನೀರು ಇಳಿದ ಕಪ್ಪು ಪಟ್ಟೆ ಮೇಲಿಂದ ಕೆಳಕ್ಕೆ ಇರಲಿ.

ಸಾಗಿಸಲು ಬೇಸಿನ ಅಡಿಗೆ ಎಣ್ಣೆ ಡಬ್ಬದ ತಗಡು ಅಂಟಿಸಿ, ಪೆಟ್ಟಿಗೆಯ ತಳಕ್ಕೆ ರಬ್ಬರ್ ಮ್ಯಾಗ್ನೆಟ್ ಹಾಳೆ ಹಾಸಿದ್ದೇನೆ. ಸಿಂಧನೂರು ಬಸ್ಸಿನ ಕುಲುಕಾಟಕ್ಕೂ ಕಾಲಾಳು ಅಲ್ಲಾಡುವುದಿಲ್ಲ. ಆನೆಗೆ ಮಾತ್ರ ತಗಡು ಎರಡು ಪದರ ಬೇಕು, ತಲೆಭಾರ ಹೆಚ್ಚು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಪೆಟ್ಟಿಗೆ ಬಿಡಬೇಡಿ, ರೆಸಿನ್ನಿನ ತೆಳು ಕೈಕಾಲು ಮೆತ್ತಗಾಗಿ ಬಾಗುತ್ತದೆ. ಬಾಗಿದ್ದನ್ನು ಬಿಸಿ ನೀರಿನಲ್ಲಿ ಅರೆ ನಿಮಿಷ ಅದ್ದಿ, ಬೆರಳಿನಿಂದ ನೆಟ್ಟಗೆ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿದರೆ ಮೊದಲಿನಂತೆ ನಿಲ್ಲುತ್ತದೆ.