ತೋಟದ ಆಫೀಸಿನ ಹಳೇ ಕಂಪ್ಯೂಟರಿಗೆ ಹೊಸ ಓಎಸ್: ನನ್ನ ಅನುಭವ

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ಲೆಕ್ಕ, ಕಾಫಿ ಮಂಡಳಿಗೂ ಬ್ಯಾಂಕಿಗೂ ಹೋಗುವ ಪತ್ರಗಳು, ಆನೆ ತುಳಿದ ಗಿಡಗಳಿಗೆ ಪರಿಹಾರ ಕೇಳಿ ಅರಣ್ಯ ಇಲಾಖೆಗೆ ಹಾಕುವ ಅರ್ಜಿ, ಎಲ್ಲವೂ ಆಫೀಸಿನ ಒಂದೇ ಕಂಪ್ಯೂಟರಿನಲ್ಲಿ. ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ವಿಂಡೋಸ್ 7.

ಮೈಕ್ರೋಸಾಫ್ಟ್ ವಿಂಡೋಸ್ 7ರ ಕೈಬಿಟ್ಟದ್ದು 2020ರ ಜನವರಿ 14ಕ್ಕೆ. ಆಮೇಲೂ ನಮ್ಮ ಕೆಲಸವೇನೂ ನಿಲ್ಲಲಿಲ್ಲ. ನಿಜವಾದ ತೊಡಕು ಶುರುವಾದದ್ದು ಬ್ರೌಸರಿನಿಂದ. 2023ರಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತುಬಿಟ್ಟಿತು. ಹೋಗ್ತಾ ಹೋಗ್ತಾ ಬ್ಯಾಂಕಿನ ಪುಟವೇ ತೆರೆಯದಾಯಿತು. ಸಾಹುಕಾರ್ರು "ಹೊಸದೇ ತಗೊಂಡ್ಬಿಡೋಣ ಬಿಡಪ್ಪ" ಅಂದರು. "ಪೆಟ್ಟಿಗೆ ಇನ್ನೂ ಗಟ್ಟಿ ಇದೆ ಸಾಹುಕಾರ್ರೇ, ಒಂದ್ಸಲ ನೋಡ್ತೀನಿ" ಅಂತ ಒಪ್ಪಿಸಿದೆ.

ವಿಂಡೋಸ್ 10ಕ್ಕೆ ಹೋಗುವುದರಲ್ಲಿ ಅರ್ಥವಿರಲಿಲ್ಲ, ಅದರ ಮಾಮೂಲಿ ಅಪ್‌ಡೇಟಿಗೂ 2025ರ ಅಕ್ಟೋಬರ್ 14 ಕೊನೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0 (ಭದ್ರತೆಯ ಕೀಲಿಗಳನ್ನು ಕಾಪಾಡುವ ವ್ಯವಸ್ಥೆ), ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರಾಚೆಯ ಪ್ರೊಸೆಸರ್. ಆ ತಪಾಸಣೆಯನ್ನು ತಪ್ಪಿಸಿ ಹಾಕುವ ದಾರಿಗಳಿವೆ ನಿಜ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬಟವಾಡೆ ಲೆಕ್ಕ ಇರುವ ಯಂತ್ರವನ್ನು ಅಂಥ ಅನುಮಾನದ ಮೇಲೆ ನಡೆಸುವುದು ನನಗೆ ಸರಿಕಾಣಲಿಲ್ಲ. ವಿಂಡೋಸಿನ ಬದಲಿಗೆ ಬೇರೆಯೇ ಓಎಸ್, ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಅಂತ ತೀರ್ಮಾನಿಸಿದೆ. ದುಡ್ಡು ಕೊಡಬೇಕಿಲ್ಲ, 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ.

ಒಂದು ಮಾತು: ನಿಮ್ಮದು ಎಂಟನೇ ತಲೆಮಾರಿನದ್ದಾಗಿದ್ದೂ ವಿಂಡೋಸ್ 11 ಬೇಡವೆನ್ನುತ್ತಿದ್ದರೆ ಕೂಡಲೇ ಕೈಚೆಲ್ಲಬೇಡಿ. ಎಷ್ಟೋ ಮದರ್‌ಬೋರ್ಡುಗಳಲ್ಲಿ ಟಿಪಿಎಂ ಇದ್ದೇ ಇರುತ್ತದೆ, ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದ ಕೂಡಲೇ ಓಎಸ್‌ಗೂ ಮೊದಲು ಏಳುವ ತಂತ್ರಾಂಶದಲ್ಲಿ) ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ.

ಕಾಲ ನೋಡಿಕೊಂಡು ಕೈಹಾಕುವುದು ನಮ್ಮ ಕಡೆ ಮುಖ್ಯ. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಕೊಯ್ಲು ಶುರುವಾದರೆ ರೈಟರಿಗೆ ಉಸಿರಾಡಲೂ ಬಿಡುವಿಲ್ಲ. ಹಾಗಾಗಿ ಮಳೆ ಹಿಂದೆಗೆದು ಅರೇಬಿಕಾ ಹಣ್ಣಾಗುವ ಮುಂಚಿನ ಬಿಡುವನ್ನು ಆರಿಸಿಕೊಂಡೆ, ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿಕೊಂಡೇ ಶುರುಮಾಡಿದೆ.

ಹಳೇ ಹಾರ್ಡ್ ಡಿಸ್ಕನ್ನು ನಾನು ಮುಟ್ಟಲೇ ಇಲ್ಲ. ಇಡೀ ಕೆಲಸದಲ್ಲಿ ನನಗೆ ಧೈರ್ಯ ಕೊಟ್ಟದ್ದು ಇದೊಂದೇ. ಚಿಕ್ಕಮಗಳೂರಿಗೆ ಹೋಗಿ 256 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್, ಸಾಟಾ ಅಂದರೆ ಅದನ್ನು ಬೋರ್ಡಿಗೆ ಸೇರಿಸುವ ಬಗೆ), ಅದನ್ನು ಕೂರಿಸುವ ಪಟ್ಟಿ, ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್ ತಂದೆ. ವಿಂಡೋಸನ್ನು ಹೈಬರ್ನೇಟ್ ಮಾಡದೆ ಪೂರ್ತಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಹಾರ್ಡ್ ಡಿಸ್ಕಿನ ಕೇಬಲ್ ತೆಗೆದು ಪಕ್ಕಕ್ಕಿಟ್ಟೆ. ಎರಡೂ ಡಿಸ್ಕ್ ಸೇರಿದ್ದಾಗ ಇನ್‌ಸ್ಟಾಲ್ ಮಾಡಿದರೆ ಬೂಟ್‌ಲೋಡರ್ (ಓಎಸ್ ಅನ್ನು ಎಬ್ಬಿಸುವ ಪುಟ್ಟ ತಂತ್ರಾಂಶ) ಹಳೇ ಡಿಸ್ಕಿನೊಳಗೆ ಹೋಗಿ ಕೂರುವ ಸಾಧ್ಯತೆ ಇದೆ. ಕೇಬಲ್ಲೇ ಇಲ್ಲದಿದ್ದರೆ ಆ ಭಯವಿಲ್ಲ. ಏನಾದರೂ ಕೆಟ್ಟರೆ ಕೇಬಲ್ ವಾಪಸ್ ಚುಚ್ಚಿದರಾಯಿತು, ವಿಂಡೋಸ್ 7 ಇದ್ದ ಹಾಗೇ ಏಳುತ್ತದೆ. ನಮ್ಮ ಎಚ್81 ಬೋರ್ಡಿನಲ್ಲಿ ನಾಲ್ಕು ಸಾಟಾ ಪೋರ್ಟುಗಳು, ಎರಡು ಮಾತ್ರ 6 ಗಿಗಾಬಿಟ್ ವೇಗದವು. ಎಸ್‌ಎಸ್‌ಡಿಯನ್ನು ಅದರಲ್ಲೊಂದಕ್ಕೇ ಹಾಕಬೇಕು.

ರ‍್ಯಾಮ್ ಹಾಕಿ ಆನ್ ಮಾಡಿದರೆ ಬಯಾಸ್ ಇನ್ನೂ 4 ಜಿಬಿಯನ್ನೇ ತೋರಿಸಿತು. ಬಿಚ್ಚಿ ಬೆಳಕಿಗೆ ಹಿಡಿದರೆ ಹಳೇ ರ‍್ಯಾಮ್ ಕಡ್ಡಿಯ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿ ಕಂದುಗಟ್ಟಿದ್ದವು. ಮಲೆನಾಡಿನ ಥಂಡಿಗೆ ಇದು ಆಗಿಯೇ ಆಗುತ್ತದೆ. ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಸ್ಲಾಟಿನ ಧೂಳನ್ನು ಒಣ ಬ್ರಷ್ಷಿನಿಂದ ತೆಗೆದು, ಎರಡೂ ಕಡೆ ಕ್ಲಿಪ್ ಟಕ್ಕೆನ್ನುವವರೆಗೆ ಒತ್ತಿದೆ. 8 ಜಿಬಿ ಬಂತು.

ಮಿಂಟ್‌ನ ಪೆನ್ ಡ್ರೈವನ್ನು ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ರೂಫಸ್ (ಬೂಟ್ ಆಗುವ ಪೆನ್ ಡ್ರೈವ್ ಮಾಡಿಕೊಡುವ ತಂತ್ರಾಂಶ) ಬಳಸಿ ಮಾಡಿಕೊಂಡೆ. ವಿಂಡೋಸ್ 7ರಲ್ಲೇ ಮಾಡುವವರು ರೂಫಸ್ 3.22 ಹುಡುಕಬೇಕು, ಅದಾದ ಮೇಲಿನವು ಅದರಲ್ಲಿ ಓಡುವುದಿಲ್ಲ. ಪೆನ್ ಡ್ರೈವಿನಿಂದ ಬೂಟ್ ಮಾಡಿದರೆ ಏನನ್ನೂ ಇನ್‌ಸ್ಟಾಲ್ ಮಾಡದೆಯೇ ಮಿಂಟ್ ಪೂರ್ತಿ ತೆರೆದುಕೊಳ್ಳುತ್ತದೆ. ದಯವಿಟ್ಟು ಅಲ್ಲೇ ವೈಫೈ ನೋಡಿ, ಪ್ರಿಂಟರ್ ಸಿಕ್ಕಿಸಿ ಒಂದು ಹಾಳೆ ತೆಗೆಯಿರಿ. ಇಷ್ಟಾದ ಮೇಲೆ ಇನ್‌ಸ್ಟಾಲ್ ಎಂಬುದು ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ.

ಹಾರ್ಡ್ ಡಿಸ್ಕನ್ನು ಮತ್ತೆ ಸೇರಿಸಿದಾಗ ಹಳೇ ಕಡತಗಳೆಲ್ಲ ಕಂಡವು. ಆದರೆ ಪತ್ರ ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಗಾಬರಿಯಾಗಬೇಕಿಲ್ಲ. ನಾವೆಲ್ಲ ವರ್ಷಗಟ್ಟಲೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್ (ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತ) ಅಲ್ಲ. ಕನ್ನಡ ಇರುವುದು ಫಾಂಟಿನಲ್ಲಿ ಮಾತ್ರ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟ್ ಕಡತಗಳನ್ನು ನಕಲು ಮಾಡಿ ಮಿಂಟ್‌ಗೆ ಹಾಕಿದೆ, ಪತ್ರ, ಲೆಕ್ಕಗಳ ತಂತ್ರಾಂಶ ಲಿಬ್ರೆ ಆಫೀಸಿನಲ್ಲಿ ಅಕ್ಷರಗಳೆಲ್ಲ ಎದ್ದು ಬಂದವು. ಮುಂದೆ ಬರೆಯುವುದೆಲ್ಲ ಯೂನಿಕೋಡಿನಲ್ಲಿ. ಕನ್ನಡ ಟೈಪ್ ಮಾಡಲು ಬೇಕಾದ ಐಬಸ್-ಎಂ17ಎನ್ ತಂತ್ರಾಂಶ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬಂದು, ಕನ್ನಡದಡಿ ಕೆಜಿಪಿ ಕೀಲಿಮಣೆ ಆರಿಸಿಕೊಂಡೆ. ನುಡಿಯಲ್ಲಿ ಕೈ ಕೂತವರು ಹೊಸದಾಗಿ ಕಲಿಯುವಂಥದ್ದು ಹೆಚ್ಚಿಲ್ಲ, ಒತ್ತಕ್ಷರಕ್ಕೆ ಎಫ್ ಕೀಲಿಯೇ. ಹಳೇ ಪತ್ರಗಳನ್ನು ಬೇಕಾದಾಗಷ್ಟೇ ಪರಿವರ್ತಿಸುತ್ತೇನೆ, ಆಗ ಅರ್ಕಾವತ್ತು ಇರುವ ಪದಗಳ ಮೇಲೆ ಕಣ್ಣಾಡಿಸುವುದನ್ನು ಬಿಡುವುದಿಲ್ಲ. ಪರಿವರ್ತನೆಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಹಾಜರಿಯ ಎಕ್ಸೆಲ್ ಕಡತ ಲಿಬ್ರೆ ಆಫೀಸಿನ ಕ್ಯಾಲ್ಕ್‌ನಲ್ಲಿ ಸೂತ್ರಗಳ ಸಮೇತ ತೆರೆಯಿತು. ಫಾಂಟ್ ಬದಲಾಗಿ ಕಾಲಂಗಳ ಅಗಲ ಹೆಚ್ಚುಕಮ್ಮಿಯಾಗಿ, ಒಂದು ಹಾಳೆಗೆ ಬರುತ್ತಿದ್ದ ಬಟವಾಡೆ ಪಟ್ಟಿ ಎರಡಕ್ಕೆ ಹರಿಯಿತು. ಅಳತೆ ಸರಿಮಾಡಿ, ಹಿಂದಿನ ವಾರದ ಮೊತ್ತಕ್ಕೆ ತಾಳೆ ನೋಡಿದ ಮೇಲೆಯೇ ಹೊಸ ವಾರದ ಲೆಕ್ಕ ಹಾಕಿದೆ. ಆಳುಗಳ ದುಡ್ಡಿನ ವಿಚಾರ, ಅಂದಾಜಿನಲ್ಲಿ ಬಿಡುವ ಹಾಗಿಲ್ಲ.

ಟ್ಯಾಲಿಯಲ್ಲಿ ಲೆಕ್ಕ ಇಡುವವರಿಗೆ ಈ ದಾರಿ ನಾನು ಹೇಳುವುದಿಲ್ಲ, ಅದು ವಿಂಡೋಸಿಗಾಗಿಯೇ ಇರುವಂಥದ್ದು. ಡಿಜಿಟಲ್ ಸಹಿಯ ಟೋಕನ್ ಬಳಸುವವರೂ ಮೊದಲು ಅದರ ಡ್ರೈವರ್ ಲಿನಕ್ಸಿಗೆ ಇದೆಯೇ ವಿಚಾರಿಸಿ. ನಮ್ಮ ತೋಟಕ್ಕೆ ಇವೆರಡೂ ಬೇಕಿರಲಿಲ್ಲ. ಬ್ಯಾಂಕಿನ ಪುಟ ಈಗ ಫೈರ್‌ಫಾಕ್ಸಿನಲ್ಲಿ ಸಲೀಸಾಗಿ ತೆರೆಯುತ್ತದೆ.